ಗೋಡೆಯ ಮೇಲಿನ ತಕ್ಕಡಿ: ಸ್ಮಾರ್ಟ್ ಮೀಟರ್ ಹಾಕಿಸಿಕೊಳ್ಳಬಹುದೇ?

ಕಳೆದ ಎರಡು ಜುಮಾ ಬಯಾನ್‌ಗಳಲ್ಲಿ ನಾವು ಅಳತೆ ಮತ್ತು ತೂಕದ ಅಮಾನತಿನ ಬಗ್ಗೆ ಮಾತನಾಡಿದೆವು. ಅಂಗಡಿಯ ತಕ್ಕಡಿ, ಬಟ್ಟೆಯ ಮೊಳ, ಹಾಲಿನ ಲೀಟರು, ಇವುಗಳ ಬಗ್ಗೆ ಪ್ರಶ್ನೆ ಬರಬಹುದೆಂದು ಕಾದಿದ್ದೆವು. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರೆಂಟ್ ಮೀಟರಿನವು. "ಹಜರತ್, ಹೊಸ ಮನೆಗೆ ಸ್ಮಾರ್ಟ್ ಮೀಟರೇ ಬೇಕು ಅಂತಿದ್ದಾರೆ, ಒಪ್ಪಿಕೊಳ್ಳಬಹುದಾ?" "ಅದನ್ನು ಹಾಕಿದರೆ ಬಿಲ್ ಎರಡು ಪಟ್ಟು ಆಗುತ್ತಂತೆ, ಹೌದಾ?" "ಫ್ರೀ ಕರೆಂಟ್ ಹೋಗುತ್ತಂತೆ?" ಒಬ್ಬ ಹಿರಿಯರು ಮೊಬೈಲಿನಲ್ಲಿದ್ದ ಧ್ವನಿ ಸಂದೇಶವನ್ನೇ ಕೇಳಿಸಿದರು. ಆ ಮೀಟರು ಮನೆಯೊಳಗಿನ ಮಾತನ್ನೂ ಕದ್ದು ಕೇಳುತ್ತದೆ ಎಂದು ಅದರಲ್ಲಿತ್ತು.

ಮೀಟರಿನಲ್ಲಿ ಮೈಕು ಇಲ್ಲ. ಅದು ಮಾತು ಕೇಳುವುದಿಲ್ಲ. ಖಚಿತವಲ್ಲದವರು ಸುದ್ದಿ ತಂದಾಗ ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಿರಿ ಎಂದು ಅಲ್‌-ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ನಮಗೆ ಎಚ್ಚರಿಕೆ ನೀಡಿದ್ದಾನೆ. ಸಂದೇಶ ಮುಂದಕ್ಕೆ ಕಳಿಸುವ ಬೆರಳಿಗೂ ಈ ಆಜ್ಞೆ ಅನ್ವಯಿಸುತ್ತದೆ. ಹಾಗೆಂದು ಜನರ ಭಯವೆಲ್ಲ ಸುಳ್ಳಲ್ಲ. ಕೆಲವು ಪ್ರಶ್ನೆಗಳಲ್ಲಿ ತಿರುಳಿದೆ, ಅವನ್ನು ನಗೆಯಾಡಿ ತಳ್ಳಿಹಾಕುವುದು ನ್ಯಾಯವಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸರಿಯಾಗಿ ಅಳೆಯುವ ಮೀಟರನ್ನು ಒಪ್ಪಿಕೊಳ್ಳುವುದರಲ್ಲಿ ಶರೀಅತ್‌ನ ದೃಷ್ಟಿಯಿಂದ ಯಾವ ದೋಷವೂ ಇಲ್ಲ. ಕಾನೂನು ಕೇಳುವಲ್ಲಿ ಅದನ್ನು ಹಾಕಿಸಿಕೊಳ್ಳಬೇಕು. ಆದರೆ ಕಣ್ಣುಮುಚ್ಚಿ ಸಹಿ ಹಾಕುವುದು ಬೇಡ. ಅಳತೆಯನ್ನು ಪರೀಕ್ಷಿಸುವುದು ಕೊಳ್ಳುವವನ ಹಕ್ಕು. ಆ ಹಕ್ಕನ್ನು ಹೇಗೆ ಬಳಸಬೇಕು, ಎಲ್ಲಿ ನಾವೇ ಅಳತೆಗೆ ದ್ರೋಹ ಮಾಡುತ್ತಿದ್ದೇವೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಏನಿದು ಸ್ಮಾರ್ಟ್ ಮೀಟರ್?

ಹಳೆಯ ಮೀಟರಿನಲ್ಲಿ ಒಂದು ಅಲ್ಯೂಮಿನಿಯಂ ಚಕ್ರ ತಿರುಗುತ್ತಿತ್ತು, ಅಂಕಿಗಳು ಉರುಳುತ್ತಿದ್ದವು. ಅದರ ನಂತರ ಬಂದದ್ದು ಎಲೆಕ್ಟ್ರಾನಿಕ್ ಮೀಟರ್. ಅದರಲ್ಲಿ ಚಕ್ರವಿಲ್ಲ, ಕೆಂಪು ದೀಪ ಮಿನುಗುತ್ತದೆ. ಈ ಎರಡಕ್ಕೂ ತಿಂಗಳಿಗೊಮ್ಮೆ ಯಾರಾದರೂ ಬಂದು ಅಂಕಿ ಬರೆದುಕೊಂಡು ಹೋಗಬೇಕು. ಸ್ಮಾರ್ಟ್ ಮೀಟರ್ ಎಂದರೆ ಅದೇ ಎಲೆಕ್ಟ್ರಾನಿಕ್ ಮೀಟರಿಗೆ ಒಂದು ಸಿಮ್ ಅಥವಾ ರೇಡಿಯೊ ಸೇರಿಸಿದ ಹಾಗೆ. ಅರ್ಧ ಗಂಟೆಗೋ ಕಾಲು ಗಂಟೆಗೋ ಒಮ್ಮೆ ಎಷ್ಟು ಬಳಕೆಯಾಯಿತೆಂದು ಬರೆದಿಟ್ಟುಕೊಂಡು ಕಂಪನಿಗೆ ಕಳಿಸುತ್ತದೆ. ಕಂಪನಿಯಿಂದ ಬಂದ ಆದೇಶವನ್ನೂ ಅದು ಕೇಳುತ್ತದೆ. ಕಚೇರಿಯಲ್ಲಿ ಕುಳಿತೇ ಮನೆಯ ಸಂಪರ್ಕ ಕಡಿಯಬಹುದು, ಮತ್ತೆ ಕೊಡಬಹುದು. ಹಳೆಯದಕ್ಕೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಅದರ ರೇಡಿಯೊ ನಮ್ಮ ಜೇಬಿನ ಮೊಬೈಲಿನ ಜಾತಿಯದೇ. ತಲೆದಿಂಬಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಮಲಗುವವರು ಹೊರಗೋಡೆಯ ಮೀಟರಿಗೆ ಹೆದರುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಕಾನೂನಿನ ಕಡೆ ನೋಡಿದರೆ, 2003ರ ವಿದ್ಯುತ್ ಕಾಯ್ದೆಯ 55ನೇ ಕಲಂ ಸರಿಯಾದ ಮೀಟರಿಲ್ಲದೆ ವಿದ್ಯುತ್ ಕೊಡಬಾರದೆನ್ನುತ್ತದೆ. ಕೇಂದ್ರ ಸರ್ಕಾರ 2020ರ ಕೊನೆಯಲ್ಲಿ ತಂದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೊಸ ಸಂಪರ್ಕಗಳಿಗೆ ಪ್ರಿಪೇಯ್ಡ್ ಸ್ಮಾರ್ಟ್ ಮೀಟರಿನ ದಾರಿ ತೋರಿಸಿದವು. 2021ರಲ್ಲಿ ದೇಶದಾದ್ಯಂತ 25 ಕೋಟಿ ಇಂಥ ಮೀಟರುಗಳನ್ನು ಹಾಕುವ ಯೋಜನೆ ಬಂತು. ಹಲವು ರಾಜ್ಯಗಳು ಅದಕ್ಕೆ ಸೇರಿ ಹಳೆಯ ಮನೆಗಳ ಮೀಟರುಗಳನ್ನೂ ಬದಲಿಸತೊಡಗಿದವು. ಕರ್ನಾಟಕ ಆ ದಾರಿ ಹಿಡಿಯಲಿಲ್ಲ. ಇಲ್ಲಿ ಬೆಸ್ಕಾಂ 2025ರ ಫೆಬ್ರವರಿ 15ರಿಂದ ತನ್ನ ವ್ಯಾಪ್ತಿಯಲ್ಲಿ ಹೊಸ ಸಂಪರ್ಕ ಮತ್ತು ತಾತ್ಕಾಲಿಕ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಮೊದಲು ಸಾವಿರ ರೂಪಾಯಿಯೊಳಗೆ ಮುಗಿಯುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಜಾಗದಲ್ಲಿ ಸುಮಾರು 5,000 ರೂಪಾಯಿಯ ಮೀಟರ್ ಬಂತು. ಬೆಲೆಯ ಬಗ್ಗೆ ವಿಧಾನಸಭೆಯಲ್ಲಿ ಗದ್ದಲವಾಯಿತು, ವಿಷಯ ಹೈಕೋರ್ಟಿಗೂ ಹೋಯಿತು. ಆದ್ದರಿಂದ ಹೊಸ ಮನೆ ಕಟ್ಟಿದವರು ಹಣ ಕಟ್ಟುವ ಮುನ್ನ ತಮ್ಮ ಉಪವಿಭಾಗದ ಕಚೇರಿಗೆ ಹೋಗಿ, ಆ ದಿನ ಜಾರಿಯಲ್ಲಿರುವ ನಿಯಮ ಮತ್ತು ದರವನ್ನು ಕೇಳಿ ತಿಳಿದುಕೊಳ್ಳಲಿ, ರಸೀದಿ ಪಡೆಯಲಿ. ಮಧ್ಯವರ್ತಿಗೆ ಐನೂರು ಕೊಟ್ಟು "ಹಳೆಯ ಮೀಟರೇ ಹಾಕಿಸಿಕೊಡು" ಎನ್ನುವುದು ಲಂಚ. ಅದಕ್ಕೆ ನಾವು ಬೇರೆ ಹೆಸರು ಕೊಡಲಾರೆವು.

ಐದು ಸಾವಿರ ಕೆಲವರಿಗೆ ಒಂದು ಬಿರಿಯಾನಿ ದಾವತ್ತಿನ ಖರ್ಚು, ಬೀಡಿ ಕಟ್ಟುವ ವಿಧವೆಗೆ ಒಂದು ತಿಂಗಳ ಬದುಕು. ಝಕಾತ್ ಹಣದಿಂದ ಆಕೆಯ ಮೀಟರಿಗೆ ಕಟ್ಟಬಹುದೇ ಎಂದು ಒಬ್ಬರು ಕೇಳಿದರು. ಆಕೆ ಝಕಾತ್‌ಗೆ ಅರ್ಹಳಾಗಿದ್ದರೆ ಹಣವನ್ನು ಆಕೆಯ ಕೈಗೇ ಕೊಟ್ಟು ಒಡೆಯಳನ್ನಾಗಿ ಮಾಡಿರಿ, ಆಕೆ ಕಟ್ಟಲಿ. ಮಸೀದಿಯ ಮೀಟರಿಗೆ ಮಾತ್ರ ಝಕಾತ್ ಸಲ್ಲದು.

ಅಳೆಯುವವರು ಮತ್ತು ಅಳೆಸಿಕೊಳ್ಳುವವರು

ಅಲ್‌-ಮುತಫ್ಫಿಫೀನ್ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರ ವಿನಾಶದ ಎಚ್ಚರಿಕೆಯಿಂದ. ಅಲ್ಲಿ ಅವರ ಗುರುತನ್ನೂ ಹೇಳಲಾಗಿದೆ. ತಾವು ಪಡೆಯುವಾಗ ಪೂರ್ತಿ ಅಳೆಸಿಕೊಳ್ಳುತ್ತಾರೆ, ಕೊಡುವಾಗ ಕಡಿಮೆ ಮಾಡುತ್ತಾರೆ. ಅರ್‌-ರಹ್ಮಾನ್ ಅಧ್ಯಾಯದಲ್ಲಿ ಆಕಾಶವನ್ನು ಎತ್ತರಿಸಿದ ಮಾತಿನ ಜೊತೆಯಲ್ಲೇ ತಕ್ಕಡಿಯನ್ನು ಸ್ಥಾಪಿಸಿದ ಮಾತು ಬರುತ್ತದೆ. ಮದ್‌ಯನ್ ಜನಾಂಗದ ಬಳಿಗೆ ಬಂದ ಶುಐಬ್(ಅ) ತೌಹೀದಿನ ಬೆನ್ನಿಗೇ ಅಳತೆಯ ವಿಷಯ ಎತ್ತಿದರು, ಆ ಜನ ಗೇಲಿ ಮಾಡಿದರು, ಅವರ ಅಂತ್ಯ ಏನಾಯಿತೆಂದು ನಮಗೆ ಗೊತ್ತಿದೆ.

ನಮ್ಮಲ್ಲಿ ಒಂದು ರೂಢಿ ಇದೆ. ಈ ಆಯತ್‌ಗಳನ್ನು ಓದುವಾಗ ನಮ್ಮ ಮನಸ್ಸು ಕಿರಾಣಿ ಅಂಗಡಿಯ ಕಡೆಗೆ ಓಡುತ್ತದೆ. ಕರೆಂಟ್ ಕೂಡ ಅಳೆದು ಕೊಳ್ಳುವ ಸರಕೇ. ಅದರ ಸೇರು, ಪಾವು ಎಲ್ಲ ಯೂನಿಟ್. ಸಾವಿರ ವಾಟಿನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಮೀಟರು ತಕ್ಕಡಿ. ಒಂದೇ ತೊಡಕು, ಈ ತಕ್ಕಡಿಯನ್ನು ತಂದು ತೂಗುಹಾಕುವವನು ಮಾರುವವನೇ, ಕೊಳ್ಳುವವನಿಗೆ ಅದರ ಒಳಗು ಕಾಣುವುದಿಲ್ಲ. ಹಾಗಾಗಿ "ನಿಮ್ಮ ತಕ್ಕಡಿ ಸರಿಯಾಗಿದೆಯೇ ತೋರಿಸಿ" ಎಂದು ಕೇಳುವುದು ಅನುಮಾನದ ರೋಗವಲ್ಲ. ಪ್ರವಾದಿ ಮುಹಮ್ಮದ್(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗೆ ಒದ್ದೆ ಇರುವುದನ್ನು ಪತ್ತೆಹಚ್ಚಿ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಮುಂದೆ ಇಸ್ಲಾಮಿ ನಗರಗಳಲ್ಲಿ ತೂಕದ ಕಲ್ಲುಗಳನ್ನು ಪರೀಕ್ಷಿಸುವುದಕ್ಕೇ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ.

ಮೀಟರನ್ನು ಮನೆಯಲ್ಲೇ ಸ್ಥೂಲವಾಗಿ ಪರೀಕ್ಷಿಸಬಹುದು. ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ದೀಪ ಎಷ್ಟು ಸಲ ಮಿನುಗುತ್ತದೆ ಎಂಬ ಅಂಕಿ ಅಚ್ಚಾಗಿರುತ್ತದೆ. 3200 ಎಂದಿದೆ ಎಂದಿಟ್ಟುಕೊಳ್ಳಿ. ಫ್ರಿಜ್ಜು, ಯುಪಿಎಸ್ ಸಹಿತ ಮನೆಯ ಎಲ್ಲವನ್ನೂ ಆರಿಸಿ, ನೀರು ಕಾಯಿಸುವ 1000 ವಾಟಿನ ರಾಡ್ ಒಂದನ್ನೇ ಬಕೆಟಿನಲ್ಲಿಟ್ಟು ಹಾಕಿರಿ. (ಆ ಹೊತ್ತಿಗೆ ಮಕ್ಕಳು ನೀರು ಮುಟ್ಟದಂತೆ ನೋಡಿಕೊಳ್ಳಿ.) ಗಡಿಯಾರ ಹಿಡಿದು ಒಂದು ನಿಮಿಷ ದೀಪದ ಮಿನುಗನ್ನು ಎಣಿಸಿರಿ. ಸುಮಾರು 53 ಬರಬೇಕು. ವೋಲ್ಟೇಜ್ ಇಳಿದಿದ್ದರೆ ಸ್ವಲ್ಪ ಕಡಿಮೆ, ಏರಿದ್ದರೆ ಸ್ವಲ್ಪ ಜಾಸ್ತಿ. ಎಪ್ಪತ್ತು, ಎಂಬತ್ತು ಬಂದರೆ ದೂರು ಕೊಡಲು ಕಾರಣವಿದೆ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಎಲ್ಲೋ ವೈರಿಂಗ್ ಸೋರುತ್ತಿರಬಹುದು, ಅಥವಾ ನಿಮ್ಮ ಲೈನಿನಿಂದ ಬೇರೆ ಯಾರೋ ಎಳೆದುಕೊಂಡಿರಬಹುದು.

ದೂರಿಗೆ 1912ಕ್ಕೆ ಕರೆ ಮಾಡಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಜೊತೆಗೆ ಕಚೇರಿಗೆ ಲಿಖಿತವಾಗಿಯೂ ಕೊಡಿ. ಬಳಕೆಗೂ ರೀಡಿಂಗಿಗೂ ತಾಳೆಯಾಗುತ್ತಿಲ್ಲ ಎಂದು ಗ್ರಾಹಕ ದೂರಿದರೆ, ದೂರು ಸಿಕ್ಕ ಐದು ದಿನಗಳೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ಎರಡನ್ನೂ ತಾಳೆ ನೋಡಬೇಕು ಎಂದು ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಇದು ನಮ್ಮ ಜನರಿಗೆ ಗೊತ್ತೇ ಇಲ್ಲ. ಅಲ್ಲೂ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ವಕೀಲರಿಲ್ಲದೆಯೂ ಅರ್ಜಿ ಕೊಡಬಹುದು. ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ಬೈಯುವುದಕ್ಕಿಂತ ಒಂದು ಪುಟದ ಅರ್ಜಿ ಮೇಲು.

ಬಿಲ್ ಏರುವುದು ನಿಜವೇ?

ಕೆಲವು ಮನೆಗಳಲ್ಲಿ ಏರುತ್ತದೆ. ಮೀಟರು ಕಳ್ಳತನ ಮಾಡುವುದರಿಂದಲ್ಲ, ಹಳೆಯದು ಮುದಿಯಾಗಿದ್ದರಿಂದ. ಮೂವತ್ತು ವರ್ಷ ತಿರುಗಿದ ಚಕ್ರದ ಮೀಟರು ಧೂಳು, ಸವೆತದಿಂದ ನಿಧಾನವಾಗುತ್ತದೆ. ಸಣ್ಣ ಬಳಕೆಗೆ ಅದು ಅಲುಗುವುದೇ ಇಲ್ಲ. ಎಲೆಕ್ಟ್ರಾನಿಕ್ ಮೀಟರು ಚಿಕ್ಕದನ್ನೂ ಬಿಡುವುದಿಲ್ಲ. ರಿಮೋಟಿನಲ್ಲಿ ಮಾತ್ರ ಆರಿಸಿದ ಟಿವಿ, ಅದರ ಸೆಟ್ ಟಾಪ್ ಬಾಕ್ಸ್, ಪ್ಲಗ್ಗಿನಲ್ಲೇ ಬಿಟ್ಟ ಚಾರ್ಜರ್, ವೈಫೈ ಪೆಟ್ಟಿಗೆ, ಇವೆಲ್ಲ ಸೇರಿ 10 ವಾಟ್ ಎಂದಿಟ್ಟುಕೊಂಡರೂ ದಿನಕ್ಕೆ ಕಾಲು ಯೂನಿಟ್, ತಿಂಗಳಿಗೆ ಏಳು ಯೂನಿಟ್ ದಾಟುತ್ತದೆ. ಈಗಾಗಲೇ ಕೆಂಪು ದೀಪದ ಮೀಟರ್ ಇರುವ ಮನೆಗಳಲ್ಲಿ, ಅದು ಸರಿಯಾಗಿದ್ದರೆ, ಸ್ಮಾರ್ಟ್ ಮೀಟರಿನಿಂದ ಅಂಕಿ ಬದಲಾಗಲು ಕಾರಣವಿಲ್ಲ.

ಏಳು ಯೂನಿಟ್ ಏನು ಮಹಾ ಎನ್ನಬೇಡಿ. ಗೃಹಜ್ಯೋತಿಯ ಲೆಕ್ಕ ನಿಂತಿರುವುದೇ ಇಂಥ ಸಣ್ಣ ಅಂಕಿಯ ಮೇಲೆ. 2023ರ ಜುಲೈ ಬಳಕೆಯಿಂದ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತುಂಬ ಮಂದಿ ಇಂದಿಗೂ ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿದ್ದು ಆ ಮನೆಯ ಪಾಲು. ಮೊದಲು ಶೇ. 10 ಸೇರಿಸುತ್ತಿದ್ದರು, 2024ರಲ್ಲಿ ಅದನ್ನು 10 ಯೂನಿಟ್ ಎಂದು ಮಾಡಿದರು. ಸರಾಸರಿ 90 ಇದ್ದ ಮನೆಗೆ 100 ಉಚಿತ. 104 ಆದರೆ ಮೇಲಿನ ನಾಲ್ಕಕ್ಕೆ ಬಿಲ್. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಆ ಸರಾಸರಿಯನ್ನು ಬರೆದದ್ದು ನಿಧಾನವಾಗಿ ತಿರುಗುತ್ತಿದ್ದ ಚಕ್ರ. ಈಗ ಅದರ ಜಾಗದಲ್ಲಿ ಚುರುಕು ಮೀಟರ್ ಬಂದರೆ, ಮನೆಯವರು ಒಂದು ದೀಪವನ್ನೂ ಹೆಚ್ಚು ಉರಿಸದೆ, ಆ ಹತ್ತು ಯೂನಿಟ್‌ನ ಸಲುಗೆಯಲ್ಲಿ ಏಳೆಂಟು ಕರಗಿಹೋಗುತ್ತದೆ. ಸೊನ್ನೆ ಬಿಲ್ಲಿಗೆ ಒಗ್ಗಿದ ಮನೆಗೆ ನೂರು ರೂಪಾಯಿಯ ಬಿಲ್ ಬಂದಾಗ "ಮೀಟರ್ ಮೋಸ" ಎನ್ನಿಸುವುದು ಸಹಜ. ಪರಿಹಾರ ಸ್ವಿಚ್ ಬೋರ್ಡಿನಲ್ಲಿದೆ. ರಾತ್ರಿ ಮಲಗುವಾಗ ದೀಪ ಆರಿಸಲು ಪ್ರವಾದಿ(ಸ) ಹೇಳಿದ್ದರು. ಅಂದಿನ ಕಾರಣ ಬೆಂಕಿಯ ಅಪಾಯ, ಆ ಅಭ್ಯಾಸ ಇಂದಿಗೂ ಲಾಭದ್ದೇ. ದುಂದುವೆಚ್ಚ ಮಾಡುವವರು ಶೈತಾನನ ಸಹೋದರರು ಎಂಬ ಮಾತು ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ, ಉಚಿತವಾಗಿ ಸಿಕ್ಕದ್ದಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ಬಿಲ್ಲಿನಲ್ಲಿ ಇನ್ನೊಂದು ಜಾಗ ಗಮನಿಸಿ: ಮಂಜೂರಾದ ಲೋಡ್. ನಿಗದಿತ ಶುಲ್ಕ ಅದರ ಮೇಲೆ ಬೀಳುತ್ತದೆ. ಒಂದು ಕಿಲೋವಾಟ್ ಮಂಜೂರಾದ ಮನೆಯಲ್ಲಿ ಗೀಸರ್, ಇಸ್ತ್ರಿ, ಮಿಕ್ಸರ್ ಒಟ್ಟಿಗೆ ಹಾಕಿದರೆ ಸ್ಮಾರ್ಟ್ ಮೀಟರ್ ಅದನ್ನು ಬರೆದಿಡುತ್ತದೆ. ಒಂದು ಹಬ್ಬದ ಬೆಳಿಗ್ಗೆ ಹೀಗಾಯಿತೆಂದು ಲೋಡ್ ಏರಿಸುವಂತಿಲ್ಲ, ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದ್ದರೆ ಮಾತ್ರ ಏರಿಸಬಹುದು ಎಂದು 2023ರ ಕೇಂದ್ರ ತಿದ್ದುಪಡಿ ಹೇಳಿದೆ. ಹೊಸ ಮೀಟರ್ ಹಾಕುವ ಮೊದಲಿನ ಅವಧಿಗೆ ಅದರ ಲೆಕ್ಕ ಹಿಡಿದು ದಂಡ ಹಾಕುವಂತೆಯೂ ಇಲ್ಲ.

ಕಂಬಕ್ಕೆ ಹಾಕುವ ಕೊಕ್ಕೆ

ಈ ಭಾಗವನ್ನು ಬರೆಯದೆ ಬಿಟ್ಟರೆ ನಾವು ಮಿಂಬರಿನ ಮೇಲೆ ನಿಲ್ಲುವ ಅರ್ಹತೆ ಕಳೆದುಕೊಳ್ಳುತ್ತೇವೆ. ಸ್ಮಾರ್ಟ್ ಮೀಟರ್ ಬೇಡ ಎನ್ನುವವರಲ್ಲಿ ಕೆಲವರ ನಿಜವಾದ ಕಾರಣ ಬೇರೆ. ಆ ಮೀಟರಿನ ಮುಚ್ಚಳ ತೆರೆದರೆ, ಪಕ್ಕದಲ್ಲಿ ಅಯಸ್ಕಾಂತ ಇಟ್ಟರೆ, ನ್ಯೂಟ್ರಲ್ ತಪ್ಪಿಸಿದರೆ, ದಿನಾಂಕ ಮತ್ತು ಸಮಯದೊಂದಿಗೆ ಅದು ದಾಖಲಾಗುತ್ತದೆ. ಹಳೆಯ ಮೀಟರಿಗೆ ಆ ನೆನಪಿನ ಶಕ್ತಿ ಇರಲಿಲ್ಲ. ಇಂಥ ಕಳ್ಳತನಕ್ಕೆ ವಿದ್ಯುತ್ ಕಾಯ್ದೆಯ 135ನೇ ಕಲಂ ಮೂರು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡನ್ನೂ ಇಟ್ಟಿದೆ.

"ಸರ್ಕಾರದ್ದು ತಾನೇ?" ಎಂಬ ವಾದ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುತ್ತದೆ. ಒಬ್ಬನ ಮನೆಯಿಂದ ಕದ್ದರೆ ಆ ಒಬ್ಬನ ಬಳಿ ಕ್ಷಮೆ ಕೇಳಬಹುದು. ಸಾರ್ವಜನಿಕ ಸೊತ್ತನ್ನು ಕದ್ದವನು ಯಾರ ಬಾಗಿಲಿಗೆ ಹೋಗಿ ಕೇಳುತ್ತಾನೆ? ಖೈಬರ್ ಯುದ್ಧದ ಸೊತ್ತಿನಿಂದ ಹಂಚಿಕೆಗೆ ಮೊದಲೇ ಒಂದು ಹೊದಿಕೆ ಎತ್ತಿಕೊಂಡವನ ಬಗ್ಗೆ, ಆ ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದು ಪ್ರವಾದಿ(ಸ) ಹೇಳಿದ ಹದೀಸ್ ಬುಖಾರಿಯಲ್ಲಿದೆ. ಅವನು ಪ್ರವಾದಿಯವರ(ಸ) ಸೇವಕನಾಗಿದ್ದವನು. ಅದು ಅವನನ್ನು ಉಳಿಸಲಿಲ್ಲ. ಇನ್ನು ಕದ್ದ ಕರೆಂಟಿನ ಭಾರ ಬೀಳುವುದು ಕೊನೆಗೆ ಬಿಲ್ ಕಟ್ಟುವ ನೆರೆಯವನ ಮೇಲೆಯೇ. ನಷ್ಟ ಸೇರಿಸಿಯೇ ದರ ನಿಗದಿಯಾಗುವುದು.

ಮೀಲಾದಿನ ಹನ್ನೆರಡು ದಿನ ಬೀದಿಯುದ್ದಕ್ಕೂ ಸೀರಿಯಲ್ ಲೈಟ್ ಹಾಕುತ್ತೇವೆ. ಅದರ ತಂತಿ ಎಲ್ಲಿಂದ ಬರುತ್ತದೆ? ಅಮೀನರೆಂದು ಶತ್ರುಗಳಿಂದಲೂ ಕರೆಸಿಕೊಂಡವರ ಹೆಸರಿನಲ್ಲಿ ಕಂಬಕ್ಕೆ ಕೊಕ್ಕೆ ಹಾಕುವುದೆಂದರೇನು? ಉರೂಸ್, ಜಲ್ಸಾ, ಮದುವೆ ಮನೆಯ ಚಪ್ಪರ, ಎಲ್ಲದಕ್ಕೂ ಇದೇ ಮಾತು. ಇಂಥವಕ್ಕೇ ತಾತ್ಕಾಲಿಕ ಸಂಪರ್ಕ ಎಂಬುದಿದೆ. ಬೇರೆಯವರ ಹಬ್ಬಗಳಲ್ಲೂ ಕೊಕ್ಕೆ ಹಾಕುತ್ತಾರಲ್ಲ ಎಂದು ಯುವಕರು ಕೇಳುತ್ತಾರೆ. ಅವರ ಲೆಕ್ಕವನ್ನು ನಮ್ಮ ಬಳಿ ಕೇಳುವುದಿಲ್ಲ.

ಪ್ರಿಪೇಯ್ಡ್ ಆಗಿದ್ದರೆ?

ಈಗಿನ ಕ್ರಮದಲ್ಲಿ ಮೊದಲು ಬಳಸಿ ಆಮೇಲೆ ಹಣ ಕಟ್ಟುತ್ತೇವೆ. ಕಟ್ಟದಿದ್ದರೆ ಕಾಯ್ದೆಯ 56ನೇ ಕಲಂ ಪ್ರಕಾರ ಹದಿನೈದು ದಿನಗಳ ಲಿಖಿತ ನೋಟಿಸ್ ಕೊಟ್ಟ ಮೇಲೆಯೇ ಸಂಪರ್ಕ ಕಡಿಯಬೇಕು. ಪ್ರಿಪೇಯ್ಡ್‌ನಲ್ಲಿ ಮೊಬೈಲಿನ ಹಾಗೆ ಮೊದಲು ರೀಚಾರ್ಜ್, ಹಣ ಮುಗಿದರೆ ಕರೆಂಟ್ ತಾನಾಗಿ ನಿಲ್ಲಬಹುದು. ಮುಂಗಡ ಹಣ ಕೊಟ್ಟು ಸರಕು ಪಡೆಯುವುದರಲ್ಲಿ ಶರೀಅತ್‌ನ ಅಡ್ಡಿ ಇಲ್ಲ. ಇನ್ನೂ ಹೇಳಬೇಕೆಂದರೆ, ಬಡ್ಡಿಯ ವಿಷಯದಲ್ಲಿ ಎಚ್ಚರ ಇರುವವರಿಗೆ ಪ್ರಿಪೇಯ್ಡ್‌ನಲ್ಲಿ ಒಂದು ನೆಮ್ಮದಿ ಇದೆ. ಈಗ ಬಿಲ್ ತಡವಾದರೆ ಕಂಪನಿ ಬಡ್ಡಿ ಹಾಕುತ್ತದೆ, ಅತ್ತ ನಾವು ಇಟ್ಟ ಭದ್ರತಾ ಠೇವಣಿಗೆ ವರ್ಷಕ್ಕೊಮ್ಮೆ ಬಡ್ಡಿಯನ್ನು ಬಿಲ್ಲಿನಲ್ಲಿ ಜಮಾ ಮಾಡುತ್ತದೆ. ನಿಮ್ಮ ಬಿಲ್ಲಿನಲ್ಲಿ ಆ ಸಾಲನ್ನು ಎಷ್ಟು ಜನ ನೋಡಿದ್ದೀರಿ? ಬ್ಯಾಂಕ್ ಬಡ್ಡಿಯ ಬಗ್ಗೆ ಉಲಮಾಗಳು ಹೇಳುವ ಹಾಗೆಯೇ, ಅಷ್ಟು ಮೊತ್ತವನ್ನು ಪುಣ್ಯದ ನಿಯ್ಯತ್ ಇಲ್ಲದೆ ಬಡವರಿಗೆ ಕೊಟ್ಟುಬಿಡುವುದು ಸುರಕ್ಷಿತ. ಪ್ರಿಪೇಯ್ಡ್ ಮೀಟರಿಗೆ ಒಪ್ಪಿದವರಿಂದ ಠೇವಣಿ ಕೇಳುವಂತಿಲ್ಲ ಎಂದು ಕಾಯ್ದೆಯ 47ನೇ ಕಲಂ ಹೇಳುತ್ತದೆ. ಠೇವಣಿ ಇಲ್ಲ, ಬಾಕಿ ಇಲ್ಲ, ಎರಡೂ ಕಡೆಯ ಬಡ್ಡಿ ಇಲ್ಲ.

ಆದರೆ ಎಲ್ಲರಿಗೂ ಅದು ಸರಿಹೊಂದುತ್ತದೆ ಎನ್ನಲಾರೆವು. ತಿಂಗಳ ಸಂಬಳದವರಿಗೆ ಸುಲಭ. ದಿನಗೂಲಿಯ ಮನೆಯಲ್ಲಿ ಕೆಲಸವಿಲ್ಲದ ವಾರ ರೀಚಾರ್ಜ್ ಮುಗಿದರೆ ಕತ್ತಲು. ಮನೆಯಲ್ಲಿ ಆಮ್ಲಜನಕ ಯಂತ್ರದ ಮೇಲೆ ಉಸಿರಾಡುವ ಅಜ್ಜಿ ಇದ್ದರೆ, ಫ್ರಿಜ್ಜಿನಲ್ಲಿ ಇನ್ಸುಲಿನ್ ಇದ್ದರೆ, ಆ ಮನೆಯವರು ಪೋಸ್ಟ್‌ಪೇಯ್ಡ್ ಆಯ್ಕೆ ಇದೆಯೇ ಎಂದು ಮೊದಲು ಕೇಳಲಿ. ದೂರದಿಂದ ಕಡಿಯುವ ಶಕ್ತಿ ತಪ್ಪಿಯೂ ಬಳಕೆಯಾಗಬಹುದು. 2020ರ ಆಗಸ್ಟ್‌ನಲ್ಲಿ, ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ಸ್ಮಾರ್ಟ್ ಮೀಟರುಗಳಿಗೆ ತಪ್ಪು ಆದೇಶ ಹೋಗಿ ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟ್ ಒಮ್ಮೆಗೇ ಹೋಯಿತು. ಬಿಲ್ ಕಟ್ಟಿದ್ದವರೂ ಹಬ್ಬದ ದಿನ ಕತ್ತಲಲ್ಲಿ ಕುಳಿತರು. 2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರದಲ್ಲಿ ರೀಚಾರ್ಜ್ ಬೇಗ ಕರಗುತ್ತಿದೆ ಎಂದು ಜನ ಬೀದಿಗಿಳಿದರು. ಆಗ ಅಲ್ಲಿನ ಸರ್ಕಾರ ಪಕ್ಕದಲ್ಲಿ ಹಳೆಯ ಮೀಟರನ್ನೂ ಇಟ್ಟು ತಾಳೆ ತೋರಿಸಲು ಒಪ್ಪಬೇಕಾಯಿತು. ಹಾನಿ ಮಾಡಬಾರದು, ಹಾನಿಗೆ ಹಾನಿಯಿಂದ ಪ್ರತೀಕಾರವೂ ಸಲ್ಲದು ಎಂಬುದು ನಮ್ಮ ಫಿಕ್‌ಹ್‌ನ ಬುನಾದಿಯ ನಿಯಮ. ಇಲ್ಲಿ ಅದನ್ನು ಕಂಪನಿಯ ಎದುರು ಗಟ್ಟಿಯಾಗಿ ಹೇಳಬೇಕು.

ಸಹರಿಯ ದೀಪ

ಅರ್ಧ ಗಂಟೆಗೊಮ್ಮೆ ಬರೆದಿಟ್ಟ ಬಳಕೆಯ ಲೆಕ್ಕ ಮನೆಯ ಬದುಕಿನ ಬಗ್ಗೆ ತುಂಬ ಹೇಳುತ್ತದೆ. ಮನೆಯವರು ಎಷ್ಟಕ್ಕೆ ಏಳುತ್ತಾರೆ, ಎಂದು ಊರಿನಲ್ಲಿರಲಿಲ್ಲ, ಇವೆಲ್ಲ ಅದರಲ್ಲಿ ಓದಬಹುದು. ವರ್ಷವಿಡೀ ನಸುಕಿನ ಮೂರೂವರೆಗೆ ಮಲಗಿರುವ ಮನೆ, ಒಂದು ತಿಂಗಳು ಮಾತ್ರ ಆ ಹೊತ್ತಿಗೆ ದೀಪ ಹಚ್ಚಿ ಅಡುಗೆ ಮಾಡಿದರೆ ಅದು ಯಾರ ಮನೆಯೆಂದು ಹೇಳಲು ಜಾಣತನ ಬೇಕಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನಮ್ಮ ಮೊಬೈಲುಗಳು ಇದಕ್ಕಿಂತ ಹೆಚ್ಚು ಹೇಳುತ್ತಿವೆ. ಆದರೆ ಅನುಮತಿಯಿಲ್ಲದೆ ಮನೆಗಳಿಗೆ ಪ್ರವೇಶಿಸಬೇಡಿ ಎಂದು ಅನ್‌-ನೂರ್ ಅಧ್ಯಾಯವೂ, ಒಬ್ಬರ ಗುಟ್ಟನ್ನು ಒಬ್ಬರು ಹುಡುಕಬೇಡಿ ಎಂದು ಅಲ್‌-ಹುಜುರಾತ್ ಅಧ್ಯಾಯವೂ ಕಲಿಸಿದ ಸಮುದಾಯ ನಾವು. ಮನೆಯ ಗೌಪ್ಯದ ಪ್ರಶ್ನೆ ಎತ್ತುವುದರಲ್ಲಿ ನಾವೇ ಮುಂದಿರಬೇಕಿತ್ತು.

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಎಂದರು. ಹಾಲೆಂಡ್ ದೇಶದಲ್ಲಿ 2009ರಲ್ಲಿ ಮೇಲ್ಮನೆ ಇದೇ ಖಾಸಗಿತನದ ಕಾರಣಕ್ಕೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಲು ಒಪ್ಪಲಿಲ್ಲ. ಮುಂದೆ ಅಲ್ಲಿ ಬೇಡವೆನ್ನುವ ಅವಕಾಶ ಉಳಿಯಿತು. ಬಿಲ್ಲಿಗೆ ತಿಂಗಳ ಒಟ್ಟು ಅಂಕಿ ಸಾಕಲ್ಲವೇ, ಅರ್ಧ ಗಂಟೆಯ ಲೆಕ್ಕವನ್ನು ಎಷ್ಟು ದಿನ ಇಡುತ್ತೀರಿ, ಯಾರಿಗೆ ಕೊಡುತ್ತೀರಿ ಎಂದು ನಮ್ಮ ಜಮಾತ್‌ಗಳೂ ವಿದ್ಯುತ್ ನಿಯಂತ್ರಣ ಆಯೋಗದ ಸಾರ್ವಜನಿಕ ಅಹವಾಲಿನಲ್ಲಿ ಕೇಳಬಹುದು. ಪ್ರತಿ ವರ್ಷ ದರ ಪರಿಷ್ಕರಣೆಗೆ ಮುನ್ನ ಅಹವಾಲು ನಡೆಯುತ್ತದೆ, ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಇನ್ನೊಂದು ಕಡೆ, ಮೀಟರ್ ಒಳ ವರಾಂಡದಲ್ಲಿರುವ ಮನೆಗಳ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಅಪರಿಚಿತರಿಗೆ ಬಾಗಿಲು ತೆರೆಯುವುದು ತಪ್ಪುತ್ತದೆ ಎಂದು ಈ ಮೀಟರನ್ನು ಮೆಚ್ಚಿಕೊಂಡದ್ದೂ ಉಂಟು.

ಬಾಡಿಗೆ ಮನೆಯವರು

ಕಂಪನಿಯ ತಕ್ಕಡಿಯ ಬಗ್ಗೆ ಇಷ್ಟೆಲ್ಲ ಕೇಳುವ ನಾವು, ನಮ್ಮದೇ ಕೈಯಲ್ಲಿರುವ ತಕ್ಕಡಿಯನ್ನು ಏನು ಮಾಡಿದ್ದೇವೆ? ಮೊಹಲ್ಲಾದಲ್ಲಿ ಒಂದೇ ಆರ್‌ಆರ್ ನಂಬರಿನ ಕೆಳಗೆ ನಾಲ್ಕು ಬಾಡಿಗೆ ಮನೆಗಳು, ಪ್ರತಿಯೊಂದಕ್ಕೂ ಮಾಲೀಕರು ಅಂಗಡಿಯಿಂದ ತಂದು ಹಾಕಿದ ಸಬ್‌ಮೀಟರ್. ಕಂಪನಿಯ ದರ ಒಂದು, ಮಾಲೀಕರು ಬಾಡಿಗೆದಾರರಿಂದ ಯೂನಿಟ್‌ಗೆ ಹಿಡಿಯುವುದು ಇನ್ನೊಂದು. ಗೃಹಜ್ಯೋತಿಯಲ್ಲಿ ತಮ್ಮ ಬಿಲ್ ಸೊನ್ನೆಯಾಗಿದ್ದರೂ ಬಾಡಿಗೆದಾರರಿಂದ ಯೂನಿಟ್ ಲೆಕ್ಕದಲ್ಲಿ ವಸೂಲಿ ಮಾಡುವವರಿದ್ದಾರೆ. ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಪಡೆಯುವಾಗ ಪೂರ್ತಿ, ಕೊಡುವಾಗ ಕಡಿಮೆ ಎಂಬ ಆಯತ್‌ನ ಗುರುತು ಇಲ್ಲಿ ಎಷ್ಟು ನಿಖರವಾಗಿ ಕೂರುತ್ತದೆ ಎಂದು ಅವರೇ ನೋಡಿಕೊಳ್ಳಲಿ. ಬೇರೆ ಮೀಟರ್ ಇರುವ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಆ ಮೀಟರ್ ಹಾಕಿಸಲು ಮಾಲೀಕರ ಒಪ್ಪಿಗೆ ಬೇಕು. ಒಪ್ಪಿಗೆ ತಡೆಯುವುದರಿಂದ ತಿಂಗಳಿಗೆ ಇಷ್ಟು ಉಳಿಯುತ್ತದೆ ಎಂದು ಲೆಕ್ಕಹಾಕುವವರು, ಬಾಡಿಗೆದಾರನ ಪಾಲನ್ನು ತಿನ್ನುತ್ತಿದ್ದಾರೆ. ಮನೆಗಳನ್ನು ಬೇರ್ಪಡಿಸಿ ಪ್ರತ್ಯೇಕ ಸಂಪರ್ಕ ಪಡೆಯುವಾಗ ಸ್ಮಾರ್ಟ್ ಮೀಟರ್ ಬಂದರೆ ಬರಲಿ. ಬಾಡಿಗೆದಾರ ತನ್ನ ಮೊಬೈಲಿನಲ್ಲೇ ತನ್ನ ಬಳಕೆ ನೋಡುವಂತಾದರೆ ತಿಂಗಳ ಕೊನೆಯ ಜಗಳ ಅರ್ಧ ಕಡಿಮೆಯಾಗುತ್ತದೆ.

ನಮ್ಮ ಮಸೀದಿಯ ಮಟ್ಟಿಗೆ ಮುತವಲ್ಲಿಯವರೊಂದಿಗೆ ಮಾತಾಡಿ ಎರಡು ಕೆಲಸ ಗೊತ್ತುಮಾಡಿದ್ದೇವೆ. ಮುಂದಿನ ರಬೀಉಲ್ ಅವ್ವಲ್‌ಗೆ ಬೀದಿ ದೀಪಾಲಂಕಾರದ ಚಂದಾ ಎತ್ತುವ ಯುವಕರು ತಾತ್ಕಾಲಿಕ ಸಂಪರ್ಕದ ರಸೀದಿಯನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ ಮೇಲೆಯೇ ಚಂದಾ ಪೆಟ್ಟಿಗೆ ಇಡುತ್ತಾರೆ. ಭಾನುವಾರಗಳಂದು ಅಸ್ರ್ ನಮಾಝಿನ ನಂತರ, ಐಟಿಐ ಓದಿದ ನಮ್ಮ ಇಬ್ಬರು ಹುಡುಗರು ವುಝೂಖಾನೆಯ ಪಕ್ಕದ ಕೋಣೆಯಲ್ಲಿ ಕುಳಿತಿರುತ್ತಾರೆ. ಕಳೆದ ಮೂರು ತಿಂಗಳ ಬಿಲ್ ಮತ್ತು ಮೀಟರಿನ ಒಂದು ಫೋಟೊ ತಂದರೆ ಗೃಹಜ್ಯೋತಿಯ ಸರಾಸರಿ, ಮಂಜೂರಾದ ಲೋಡ್, ಠೇವಣಿಯ ಬಡ್ಡಿ ಯಾವ ಸಾಲಿನಲ್ಲಿದೆ ಎಂದು ತೋರಿಸಿಕೊಡುತ್ತಾರೆ, ದೂರಿನ ಅರ್ಜಿ ಬರೆದುಕೊಡುತ್ತಾರೆ. ಹಣ ಏನೂ ಇಲ್ಲ. ಹೆಣ್ಣುಮಕ್ಕಳು ಬಿಲ್ಲನ್ನು ಮಕ್ಕಳ ಕೈಯಲ್ಲಿ ಮಕ್ತಬ್‌ಗೆ ಕಳಿಸಿದರೂ ಸಾಕು.